ಕೆಂಪು ಮೈಗೆ, ಕಪ್ಪು ಸ್ಟಾರ್ಟರಿಗೆ

ನವೆಂಬರಿನಿಂದ ಮಾರ್ಚಿನವರೆಗೆ ಇಸ್ಕ್ರಾಳ ಅಡುಗೆಮನೆಯಲ್ಲಿ ಒಬ್ಬ ಖಾಯಂ ಅತಿಥಿ ಇರುತ್ತಿದ್ದ. ಒಲೆಯ ಎಡಕ್ಕೆ, ಸೌದೆ ಪೆಟ್ಟಿಗೆಗೂ ಹಿಟ್ಟಿನ ಡಬ್ಬಕ್ಕೂ ನಡುವೆ, ಉಣ್ಣೆಯ ಶಾಲು ಹೊದ್ದು ಬೆಚ್ಚಗೆ ಕೂತಿರುತ್ತಿದ್ದ. ಊಟ ಕೇಳುತ್ತಿರಲಿಲ್ಲ, ಕುಡಿಯಲು ಕೇಳುತ್ತಿರಲಿಲ್ಲ. ಆದರೂ ಅವನಿಗೆ ಆ ಮನೆಯಲ್ಲಿದ್ದ ಮರ್ಯಾದೆ ಇಪ್ಪತ್ತು ವರ್ಷದಿಂದ ಸೊಸೆಯಾಗಿದ್ದ ಇಸ್ಕ್ರಾಳಿಗೂ ಇರಲಿಲ್ಲ. ಅದು ಮಾವನ ಕಾರಿನ ಬ್ಯಾಟರಿ.

ಮಾವ ತ್ರೆಂದಾಫಿಲ್‌ಗೆ ಎಪ್ಪತ್ತಾರು ವಯಸ್ಸು. ಟ್ರ್ಯಾಕ್ಟರ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರು. ಕತ್ತಲಾಗುವ ಮುಂಚೆ ಅಂಗಳಕ್ಕೆ ಹೋಗಿ, ಕೆನೆಬಣ್ಣದ ಝಿಗುಲಾ ಕಾರಿನ ಬಾನೆಟ್ ಎತ್ತಿ, ಹತ್ತರ ಸ್ಪ್ಯಾನರಿನಲ್ಲಿ ಎರಡು ಕ್ಲಾಂಪು ಸಡಿಲಿಸಿ, ಬೆಲ್ಟಿನ ತುಂಡಿನಲ್ಲಿ ತಾವೇ ಮಾಡಿಕೊಂಡ ಹಿಡಿ ಹಾಕಿ ಬ್ಯಾಟರಿಯನ್ನು ಒಳಗೆ ತರುತ್ತಿದ್ದರು. ಬೆಳಗಾದರೆ ಮತ್ತೆ ಹೊತ್ತುಕೊಂಡು ಹೋಗಿ ಹಾಕುತ್ತಿದ್ದರು. ಡ್ಯಾನ್ಯೂಬ್ ನದಿಯ ಚಳಿಗಾಳಿ ಬೀಸುವ ಆ ಹಳ್ಳಿಯಲ್ಲಿ, ರಾತ್ರಿಯ ಹಿಮಕ್ಕೆ ಬ್ಯಾಟರಿ ಸಾಯದಿರಲೆಂದು, ಹಳೇ ಕಾರು ಇಟ್ಟುಕೊಂಡವರೆಲ್ಲ ಹೀಗೇ ಮಾಡುತ್ತಿದ್ದರು. ಆದರೆ ಬ್ಯಾಟರಿಗೆ ತೀರಿಹೋದ ಹೆಂಡತಿಯ ಶಾಲು ಹೊದಿಸುತ್ತಿದ್ದವರು ಮಾವ ಒಬ್ಬರೇ.

ಅವರ ಕಾರಿಗೆ ಇನ್ನೊಂದು ವಿಶೇಷವೂ ಇತ್ತು. ಎಂಬತ್ತಮೂರರಲ್ಲಿ, ಅಂಗಡಿಗಳಲ್ಲಿ ಬರೀ ಕಪಾಟು ಸಿಗುತ್ತಿದ್ದ ಕಾಲದಲ್ಲಿ, ಬ್ಯಾಟರಿಯ ಕೇಬಲ್ ಹೋಯಿತು. ಡಿಪೋದಲ್ಲಿ ಹುಡುಕಿ ಹುಡುಕಿ ಸಿಕ್ಕಿದ್ದು ಎರಡು ತುಂಡು: ಕೆಂಪು ಗಿಡ್ಡ, ಕಪ್ಪು ಉದ್ದ. ಲೋಕವೆಲ್ಲ ಕಪ್ಪನ್ನು ಕಾರಿನ ಮೈಗೆ, ಅಂದರೆ ಮೈನಸ್ಸಿಗೆ ಹಾಕುತ್ತದೆ, ಕೆಂಪನ್ನು ಸ್ಟಾರ್ಟರಿಗೆ, ಅಂದರೆ ಪ್ಲಸ್ಸಿಗೆ. ಗಿಡ್ಡ ಕೆಂಪು ಸ್ಟಾರ್ಟರಿನ ತನಕ ಎಟುಕದಿದ್ದರೆ ಲೋಕ ಬಂದು ಏನು ಮಾಡೀತು? ಮಾವ ಕೆಂಪನ್ನು ಮೈಗೆ ಹಾಕಿದರು, ಕಪ್ಪನ್ನು ಸ್ಟಾರ್ಟರಿಗೆ. ಮೀನಿನ ಡಬ್ಬಿಯಲ್ಲಿ ಸೀಸ ಕರಗಿಸಿ ಕ್ಲಾಂಪುಗಳನ್ನೂ ತಾವೇ ಎರಕ ಹೊಯ್ದರು. ಎರಡೂ ತಂತಿ ತಂತಮ್ಮ ಜಾಗದ ಅಳತೆಗೆ ಸರಿಯಾಗಿ ಇದ್ದದ್ದರಿಂದ ಬೇಕೆಂದರೂ ಒಂದರ ಜಾಗಕ್ಕೆ ಇನ್ನೊಂದು ಎಟುಕುತ್ತಿರಲಿಲ್ಲ. ಅತ್ತೆ ವೆಲಿಕಾ ಲಾಟೀನು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮಾವ "ಕೆಂಪು ಮೈಗೆ" ಅನ್ನುತ್ತಿದ್ದರು. ಆಕೆ "ಕಪ್ಪು ಸ್ಟಾರ್ಟರಿಗೆ" ಅನ್ನುತ್ತಿದ್ದಳು. ಹೀಗೆ ಸುಮಾರು ಇಪ್ಪತ್ತೈದು ಚಳಿಗಾಲ. ಆಕೆ ಹೋದ ಮೇಲೆ ಎರಡೂ ಮಾತನ್ನು ಮಾವ ಒಬ್ಬರೇ ಆಡಿಕೊಳ್ಳುತ್ತಿದ್ದರು.

ಜನವರಿಯಲ್ಲಿ ಇಸ್ಕ್ರಾಳಿಗೆ ಕೆಲಸ ಸಿಕ್ಕಿತು. ಲೋಮ್ ಪೇಟೆಯ ಶಿಶುವಿಹಾರವೊಂದರಲ್ಲಿ ಅಡುಗೆಯವಳು. ಆರೂವರೆಗೆ ಒಲೆ ಹೊತ್ತಿಸಬೇಕು, ಎಂಟಕ್ಕೆ ತೊಂಬತ್ತು ಮಕ್ಕಳಿಗೆ ತಿಂಡಿ. ಮೊದಲ ಬಸ್ಸು ಒಂಬತ್ತಕ್ಕೆ. ಗಂಡ ಕಾಮೆನ್ ಬಂದರಿನಲ್ಲಿ ಕ್ರೇನ್ ನಡೆಸುವವನು. ಅವನನ್ನು ಕರೆದೊಯ್ಯುವ ವ್ಯಾನು ಒಮ್ಮೆ ಮಧ್ಯಾಹ್ನ ಬಂದರೆ ಒಮ್ಮೆ ಸಂಜೆ. ನಲವತ್ನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ತನ್ನದೇ ಹೆಸರಿನಲ್ಲಿ ಸಂಬಳ ಬರುವ ಕೆಲಸ. ಅದನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ.

ಬೀನ್ಸ್ ಕಾಳಿನ ಸಾರು ಬಡಿಸುತ್ತ ಅವಳು ಮಾತೆತ್ತಿದಳು.

"ಮಾವ, ಸೋಮವಾರದಿಂದ ಕಾರು ನಂಗೆ ಬೇಕು."

"ಯಾವ ಕಾರು?"

"ಮನೇಲಿ ಹತ್ತಿದ್ಯಾ?"

ಮಾವ ರೊಟ್ಟಿ ಮುರಿದರು. "ಅದು ಹೆಂಗಸ್ರ ಕೈಗೆ ಬಗ್ಗೋ ಗಾಡಿ ಅಲ್ಲ."

"ಈ ಒಲೆ ಬಗ್ಗಿದೆ, ನಿಮ್ಮ ಮಗ ಬಗ್ಗಿದಾನೆ. ಗಾಡಿ ಯಾವ ಮಹಾ!"

"ನನ್ನ ಯಾಕೆ ಮಧ್ಯೆ ಎಳೀತೀಯ?" ಎಂದ ಕಾಮೆನ್, ತಟ್ಟೆಯಿಂದ ತಲೆ ಎತ್ತದೆ. "ಸಾರು ಚೆನ್ನಾಗಿದೆ."

ಹದಿನೇಳರ ಮಗಳು ನೆವೆನಾ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡಳು. "ಅಜ್ಜ, ಅಪ್ಪನ್ನ ಯಾವ ಗೇರಲ್ಲಿ ಓಡಿಸ್ತಾಳೆ ಅಂತ ಅಮ್ಮನ್ನೇ ಕೇಳಿ."

ಮುದುಕರ ಮೀಸೆಯೂ ಸ್ವಲ್ಪ ಅಲುಗಿತು. ಸಾರು ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದರು: "ತಗೊಂಡ್ಹೋಗು. ಆದ್ರೆ ಬ್ಯಾಟರಿ ಹಾಕೋದು ನಾನು, ತೆಗಿಯೋದು ನಾನು. ಬಾನೆಟ್ಟಿಗೆ ಯಾರೂ ಕೈ ಹಾಕ್ಬಾರ್ದು."

"ಹಾಕಲ್ಲಪ್ಪ. ನಂಗೆ ಬಾನೆಟ್ಟು ಕಟ್ಕೊಂಡು ಏನಾಗ್ಬೇಕು?"

ಎರಡು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಮುಂಜಾನೆ ಎದ್ದರೆ ಬ್ಯಾಟರಿ ಕೂತಿದ್ದ ಜಾಗ ಖಾಲಿ, ಶಾಲು ಮಡಿಚಿ ಸೌದೆಯ ಮೇಲೆ. ಅಂಗಳದಲ್ಲಿ ಕಾರು ಗುಟುರು ಹಾಕುತ್ತಿರುತ್ತಿತ್ತು. ನದಿಯ ಮಂಜು ರಸ್ತೆಯ ಮೇಲೆ ಮೊಣಕಾಲೆತ್ತರಕ್ಕೆ ಹರಡಿಕೊಂಡಿರುತ್ತಿತ್ತು. ಅದರೊಳಗೆ ಕಾರು ಬಿಟ್ಟುಕೊಂಡು ಹೋಗುವಾಗ ಚಕ್ರ ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ರಸ್ತೆ ಬದಿಯ ಪಾಪ್ಲರ್ ಮರಗಳು ಒಂದೊಂದಾಗಿ ಬಂದು ಮುಖ ತೋರಿಸಿ ಹಿಂದೆ ಸರಿಯುತ್ತಿದ್ದವು. ಆ ಅರ್ಧ ಗಂಟೆ ಯಾರೂ "ಇಸ್ಕ್ರಾ" ಎಂದು ಕೂಗುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಅವಳು ಬಾಯಿಗೆ ಬಂದ ಹಾಡು ಹಾಡಿಕೊಳ್ಳುತ್ತಿದ್ದಳು. ಇಷ್ಟು ಸುಖ ಈ ಹಳೇ ಡಬ್ಬದೊಳಗೆ ಇತ್ತು ಎಂದು ಗೊತ್ತಿದ್ದರೆ ಹತ್ತು ವರ್ಷ ಮುಂಚೆಯೇ ಜಗಳ ಆಡುತ್ತಿದ್ದೆ ಅನ್ನಿಸುತ್ತಿತ್ತು.

ಮೂರನೇ ವಾರ, ರೈಲ್ವೆ ಗೇಟಿನ ಹತ್ತಿರ, ಕಾರು ಸತ್ತಂತೆ ನಿಂತಿತು. ಕೀಲಿ ತಿರುಗಿಸಿದರೆ ಬರೀ ಟಿಕ್ ಎಂಬ ಸದ್ದು. ಹಾಲಿನ ಲಾರಿಯವನು ಇಳಿದು ಬಂದು ನೋಡಿದ. ಮಾವನ ಕಪ್ಪು ಕೇಬಲ್ಲಿನ ಹೊಟ್ಟೆ ಒಡೆದು ಒಳಗಿನ ತಾಮ್ರವೆಲ್ಲ ಹಸಿರು ಪುಡಿಯಾಗಿತ್ತು.

"ಅಕ್ಕಾ, ಇದು ಕೇಬಲ್ಲಲ್ಲ, ಪಾಚಿ," ಎಂದ ಅವನು. ಹೇಗೋ ತಿರುಚಿ ಕಟ್ಟಿ ಕಾರು ಹೊರಡಿಸಿಕೊಟ್ಟ.

ಇಸ್ಕ್ರಾ ನಲವತ್ತು ನಿಮಿಷ ತಡವಾಗಿ ಹೋದಳು. ಶಿಶುವಿಹಾರದ ಮುಖ್ಯಸ್ಥೆ ಗಾಲಾಬೋವಾ ಮೇಡಂ ತಾವೇ ಏಪ್ರನ್ ಕಟ್ಟಿಕೊಂಡು ಹಾಲು ಕಾಯಿಸುತ್ತಿದ್ದರು.

"ಇಸ್ಕ್ರಾ, ನೀವು ಒಳ್ಳೆ ಅಡಿಗೆಯವ್ರು. ಆದ್ರೆ ಒಲೆಗೆ ನಿಮ್ಮ ಕಾರಿನ ಕಷ್ಟ ಗೊತ್ತಾಗಲ್ಲ. ಮಾರ್ಚ್ ಮುಗಿಯೋ ತನಕ ನೀವು ಪ್ರೊಬೇಷನ್ ಮೇಲಿರೋರು. ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ."

ಅವತ್ತು ಸಂಜೆ ಅವಳು ಮಾವನಿಗೆ ಹೇಳಿದಳು. ಮಾವ ಟೇಪು ತಂದರು. "ಸುತ್ತಿದ್ರೆ ಸರಿಹೋಗುತ್ತೆ."

"ಮಾವ, ಒಳಗೆ ತಾಮ್ರಾನೇ ಇಲ್ಲ. ಏನನ್ನ ಸುತ್ತೀರಿ?"

"ಮೂವತ್ತು ವರ್ಷ ಓಡಿದೆ."

"ಅದಕ್ಕೇ ಸುಸ್ತಾಗಿದೆ."

ಮಾವ ಸುತ್ತಿದರು. ಇಸ್ಕ್ರಾ ಮಾತು ನಿಲ್ಲಿಸಿದಳು. ಅವಳು ಮಾತು ನಿಲ್ಲಿಸಿದರೆ ಏನೋ ಮಾಡುತ್ತಾಳೆ ಎಂದು ಕಾಮೆನ್‌ಗೆ ಗೊತ್ತಿತ್ತು. ಅವನು ಇನ್ನೊಂದು ಸಲ ಸಾರು ಹಾಕಿಸಿಕೊಂಡ.

ಪೇಟೆಯ ಬಿಡಿಭಾಗದ ಅಂಗಡಿಯವನು ಕಪಾಟೆಲ್ಲ ತಡಕಿದ. "ನಿಮ್ಮ ಮಾದರಿದು ಈಗ ಬರೋದೇ ನಿಂತುಹೋಯ್ತು. ಹೊಸ ಮಾದರಿದು ಇದೆ, ಕೂರುತ್ತೆ. ದಪ್ಪ ಇದೆ, ಒಂದು ಗೇಣು ಉದ್ದಾನೂ ಇದೆ. ಪ್ಲಸ್ಸಿಗೆ ಒಂದು ಸಣ್ಣ ಬಾಲ ಇದೆ ನೋಡಿ, ಅದು ಹೊಸ ಗಾಡಿಯ ಕಂಪ್ಯೂಟರಿಗೆ. ನಿಮ್ಮದರಲ್ಲಿ ಕಂಪ್ಯೂಟರ್ ಎಲ್ಲಿ ಬರ್ಬೇಕು? ತುದಿಗೆ ಟೇಪ್ ಸುತ್ತಿ ಬಿಟ್ಬಿಡಿ."

ಶನಿವಾರ ಮಾವ ಪಕ್ಕದ ಊರಿಗೆ, ತೀರಿಹೋದ ಹಳೇ ಸಹೋದ್ಯೋಗಿಯ ನಲವತ್ತನೇ ದಿನದ ಪ್ರಾರ್ಥನೆಗೆ ಹೋದರು. ತಾಯಿ ಮಗಳು ಬಾನೆಟ್ ಎತ್ತಿದರು. ನೆವೆನಾ ಮೊಬೈಲಿನಲ್ಲಿ ಯಾರೋ ಮಾಡಿದ್ದ ವಿಡಿಯೋ ನೋಡಿ ಹೇಳುತ್ತಿದ್ದಳು, ಇಸ್ಕ್ರಾ ಬಿಚ್ಚುತ್ತಿದ್ದಳು. ಸ್ಟಾರ್ಟರಿನ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಹಾಕಿ ಕಾದು, ಬೈದು, ಮತ್ತೆ ಕಾದು ಬಿಚ್ಚಿದರು. ಮೈಯ ಬೋಲ್ಟಿನ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿದರು. ಕಪ್ಪು ಮೈಗೆ, ಕೆಂಪು ಸ್ಟಾರ್ಟರಿಗೆ: ಲೋಕದಂತೆ. ಬಾಲಕ್ಕೆ ಟೇಪು. ಕೀಲಿ ತಿರುಗಿಸುತ್ತಲೇ ಕಾರು ಹೊಸದರ ಹಾಗೆ ಎದ್ದಿತು. ಇಬ್ಬರೂ ಕರಿಗೈಯಲ್ಲೇ ತಬ್ಬಿಕೊಂಡರು.

ಮಾವ ಬಂದಾಗ ಹಳೆಯ ತುಂಡುಗಳು ಅಂಗಳದಲ್ಲಿ ಪೇಪರಿನ ಮೇಲೆ ಬಿದ್ದಿದ್ದವು.

"ಯಾರು ಕೈ ಹಾಕಿದ್ದು?"

"ನಾನು," ಎಂದಳು ಇಸ್ಕ್ರಾ.

"ಏನಂದಿದ್ದೆ ನಾನು?"

"ಮಾವ, ಇನ್ನೊಂದ್ಸಲ ತಡ ಆದ್ರೆ ನನ್ನ ಕೆಲ್ಸ ಹೋಗುತ್ತೆ. ನಿಮ್ಮನ್ನ ಕೇಳಿದ್ರೆ ಇನ್ನೊಂದು ಸುತ್ತು ಟೇಪು ಸುತ್ತುತ್ತಿದ್ರಿ."

"ಕೇಳಿ ನೋಡ್ಬೇಕಿತ್ತು."

ತಪ್ಪು ತನ್ನದಾದಾಗ ಎಲ್ಲರೂ ಮಾಡುವಂತೆ ಇಸ್ಕ್ರಾ ದನಿ ಏರಿಸಿದಳು. "ಈ ಮನೇಲಿ ಒಂದು ಚಮಚ ಬದಲಾಯಿಸೋಕೂ ಅಪ್ಪಣೆ ಬೇಕಾ?"

ಮಾವ ಬಗ್ಗಿ, ಎರಡು ಹಳೇ ಕೇಬಲ್ಲುಗಳನ್ನು ಪೇಪರಿನ ಸಮೇತ ಎತ್ತಿಕೊಂಡರು. "ನಿನ್ನ ಕೇಬಲ್ಲು, ಇನ್ಮೇಲೆ ಬ್ಯಾಟರೀನೂ ನಿಂದೇ," ಎಂದರು. ಹಿತ್ತಲ ಕೊಟ್ಟಿಗೆಗೆ ಹೋಗಿ ಅವನ್ನು ಮೊಳೆಗೆ ನೇತುಹಾಕಿದರು.

ಹತ್ತು ದಿನ ಮಾತಿಲ್ಲ. ಮನೆಯಲ್ಲಿ ಮೌನ ಸುಮ್ಮನೆ ಇರುವುದಿಲ್ಲ, ಅದಕ್ಕೂ ಕೆಲಸ ಹೆಚ್ಚು. "ಉಪ್ಪು ಕೊಡು ಅಂತ ನಿಮ್ಮಮ್ಮನಿಗೆ ಹೇಳು" ಎಂದರು ಮಾವ ನೆವೆನಾಗೆ. ಉಪ್ಪು ಅವರ ಕೈಯಳತೆಯಲ್ಲೇ ಇತ್ತು. ಇಸ್ಕ್ರಾ ಸಂಜೆ ಸಂಜೆ ಹದಿನೆಂಟು ಕಿಲೋದ ಬ್ಯಾಟರಿ ಎತ್ತಿ ತಂದಳು, ಬೆಳಿಗ್ಗೆ ಎತ್ತಿಕೊಂಡು ಹೋದಳು. ಸೊಂಟ ಹಿಡಿದುಕೊಂಡಿತು. ಶಾಲು ಹೊದಿಸುವುದನ್ನು ಮಾತ್ರ ಬಿಡಲಿಲ್ಲ. ಯಾಕೆಂದು ಅವಳನ್ನು ಯಾರೂ ಕೇಳಲಿಲ್ಲ.

ಫೆಬ್ರವರಿ ಮಧ್ಯದಲ್ಲಿ ಒಂದು ಸಂಜೆ ಬಾವಿಕಟ್ಟೆಯ ಹತ್ತಿರ ಐಸಿನ ಮೇಲೆ ಕಾಲು ಜಾರಿತು. ಬ್ಯಾಟರಿಯನ್ನು ಎದೆಗೆ ಅವಚಿಕೊಂಡೇ ಬಿದ್ದಳು, ಅದಕ್ಕೇನೂ ಆಗದ ಹಾಗೆ. ಮಂಡಿ ತರಚಿತು. ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಮಾವ ನಿಂತಿದ್ದರು, ಪರದೆ ಬಿತ್ತು.

ಮರುದಿನ ಅವಳು ಶಿಶುವಿಹಾರದಿಂದ ಬಂದು, ಕೈಕಾಲು ತೊಳೆದು, ಬ್ಯಾಟರಿ ತರಲು ಹೊರಟರೆ, ಅದು ಆಗಲೇ ಒಲೆಯ ಪಕ್ಕ ಕೂತಿತ್ತು. ಶಾಲು ಹೊದ್ದು, ಅಂಚು ಒಳಗೆ ಮಡಿಚಿಕೊಂಡು. ಮಾವ ಗೋಡೆ ಕಡೆ ತಿರುಗಿ ರೇಡಿಯೋದ ಗುಂಡಿ ತಿರುಗಿಸುತ್ತಿದ್ದರು. ಇಸ್ಕ್ರಾಳಿಗೆ ಕಣ್ಣು ತುಂಬಿ ಬಂತು. ಅವಳು ಆ ರಾತ್ರಿಯ ಊಟಕ್ಕೆ ಬಾನಿತ್ಸಾಕ್ಕೆಂದು ಹಿಟ್ಟು ಲಟ್ಟಿಸಿದಳು. ಪದರ ಪದರವಾಗಿ ಚೀಸು ತುಂಬಿ, ಗರಿಗರಿಯಾದ ನಡುವಿನ ತುಂಡನ್ನು ಮಾವನ ತಟ್ಟೆಗೆ ಹಾಕಿದಳು.

"ಚೀಸ್ ಜಾಸ್ತಿಯಾಯ್ತು," ಎಂದರು ಮಾವ. ಹತ್ತು ದಿನದ ಮೇಲೆ ನೇರವಾಗಿ ಅವಳಿಗೇ.

"ನಾಳೆ ಕಮ್ಮಿ ಹಾಕ್ತೀನಿ," ಎಂದಳು ಅವಳು ಹಿಗ್ಗಿನಿಂದ.

ಮರುದಿನ ಮುಂಜಾನೆ ಐದೂವರೆಗೆ ಎದ್ದಾಗ ಶಾಲು ಮಡಿಚಿ ಸೌದೆಯ ಮೇಲಿತ್ತು. ಇಸ್ಕ್ರಾ ಫ್ಲಾಸ್ಕಿಗೆ ಚಹಾ ತುಂಬುತ್ತಿದ್ದಳು. ಹೊರಗೆ ದಟ್ಟ ಮಂಜು, ಕಿಟಕಿಗೆ ಹತ್ತಿ ಅಂಟಿಸಿದ ಹಾಗೆ. ಅದರೊಳಗಿಂದ ಮರದ ಸುತ್ತಿಗೆಯ ಸದ್ದು ಕೇಳಿತು: ಟಕ್, ಟಕ್. ನಿದ್ದೆಗಣ್ಣಲ್ಲಿ ಅವಳಿಗೆ ಅದು ಹಿತವಾಗಿಯೇ ಕೇಳಿತು, ಯಾರೋ ಬಾಗಿಲು ತಟ್ಟಿ ಒಳಗೆ ಬರಲು ಕೇಳುವಂತೆ. ಮಾವನ ಗುನುಗೂ ಕೇಳಿತು. "ಕೆಂಪು ಮೈಗೆ..."

ಫ್ಲಾಸ್ಕು ಅವಳ ಕೈಯಿಂದ ಬಿತ್ತು.

ಹಳೇ ಕೇಬಲ್ಲಾಗಿದ್ದರೆ ತಪ್ಪಾದ ತುದಿಗೆ ಎಟುಕುತ್ತಲೇ ಇರಲಿಲ್ಲ. ಹೊಸ ಮಾದರಿಯದು ಒಂದು ಗೇಣು ಉದ್ದ. ಎಲ್ಲಿಗೆ ಎಳೆದರೂ ಬರುತ್ತಿತ್ತು. ಹಳೇ ರೂಢಿಯಂತೆ ಮಾವನ ಕೈ ಕೆಂಪನ್ನು ಮೈನಸ್ಸಿಗೇ ಒಯ್ದಿತ್ತು. ಕ್ಲಾಂಪಿನ ತೂತು ಸರಿಹೊಂದದೆ ಬಿಗಿಯಾದಾಗ, ಹೊಸದಲ್ಲವೇ, ಹಟ ಮಾಡುತ್ತಿದೆ ಎಂದುಕೊಂಡು ಮಾವ ಸುತ್ತಿಗೆಯಿಂದ ಮೆಲ್ಲಗೆ ಬುದ್ಧಿ ಹೇಳಿದರು. ಇಸ್ಕ್ರಾ ಅಂಗಳಕ್ಕೆ ಓಡುವಷ್ಟರಲ್ಲಿ ಮಂಜಿನೊಳಗೆ ನೀಲಿ ಬೆಳಕು ಚಟ್ಟೆಂದು ಹೊಳೆಯಿತು. ರಬ್ಬರು ಸುಟ್ಟ ವಾಸನೆ ಬಂತು. ಮಾವ ಬರಿಗೈಯಲ್ಲಿ ಕ್ಲಾಂಪು ಕಿತ್ತರು. ಹೊಗೆ ಮಂಜಿಗಿಂತ ಕಪ್ಪಾಗಿ, ನಿಧಾನವಾಗಿ, ಬಾನೆಟ್ಟಿನಿಂದ ಮೇಲೆದ್ದಿತು.

"ಕೈ ಹಾಗೆ ಹೋಯ್ತು," ಎಂದರು ಮಾವ. "ನಾನಲ್ಲ... ಕೈ."

ಇಸ್ಕ್ರಾ ಕ್ಲಾಂಪುಗಳನ್ನು ಸರಿಯಾಗಿ ಹಾಕಿ ಕೀಲಿ ತಿರುಗಿಸಿ ನೋಡಿದಳು. ಡೈನಮೋದ ಕಡೆಯಿಂದ ಇನ್ನಷ್ಟು ಹೊಗೆ ಬಂತು, ಅಷ್ಟೆ. ಗಡಿಯಾರ ಆರಕ್ಕೆ ಹತ್ತು ನಿಮಿಷ ಇದೆ ಎಂದಿತು. ಸಿಟ್ಟು ಅವಳ ಬಾಯಿಂದ ತಾನಾಗಿ ಹೊರಬಿತ್ತು.

"ಬೇಕಂತಲೇ ಮಾಡಿದ್ರಿ! ನಾನು ಹೊಸಲು ದಾಟಿದ್ದೇ ನಿಮಗೆ ಆಗ್ಬರಲಿಲ್ಲ! ಹೋಯ್ತು ನನ್ನ ಕೆಲ್ಸ, ಈಗ ಸಮಾಧಾನಾನಾ?"

ಆಡಿದ ಮರುಕ್ಷಣವೇ ಅದು ನಿಜವಲ್ಲ ಎಂದು ಅವಳಿಗೆ ಗೊತ್ತಾಯಿತು. ಮಾವ ಗೇಟು ತೆರೆದು ಮಂಜಿನೊಳಗೆ ಹೋದರು.

ಪಕ್ಕದ ಮನೆ ಲೋಜಾನನದು. ಬೇಲಿಯ ಸಾಲಿನಲ್ಲಿದ್ದ ಒಂದು ವಾಲ್‌ನಟ್ ಮರ ಯಾರದೆಂಬ ಜಗಳದಲ್ಲಿ ಹನ್ನೊಂದು ವರ್ಷದಿಂದ ಅವನಿಗೂ ಮಾವನಿಗೂ ಮಾತಿರಲಿಲ್ಲ. ಕಾಯಿ ಉದುರುವ ಕಾಲದಲ್ಲಿ ಇಬ್ಬರೂ ತಮ್ಮ ತಮ್ಮ ಕಡೆ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದರು. ವೆಲಿಕಾ ತೀರಿಕೊಂಡಾಗ ಲೋಜಾನ್ ಬೇಲಿಯಾಚೆಯಿಂದಲೇ ಟೋಪಿ ತೆಗೆದಿದ್ದ.

ಐದು ನಿಮಿಷ ಆಗಿರಬಹುದು. ಮಂಜಿನಲ್ಲಿ ಎರಡು ದೀಪ ಹೊತ್ತಿದವು. ಲೋಜಾನ್ ಪೈಜಾಮದ ಮೇಲೆ ಕೋಟು ಹಾಕಿಕೊಂಡು ತನ್ನ ಮಾಸ್ಕ್‌ವಿಚ್ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ.

"ಹತ್ತಮ್ಮ, ಇನ್ನೂ ಟೈಮಿದೆ."

ರೈಲ್ವೆ ಗೇಟು ದಾಟಿದ ಮೇಲೆ ಅವನು ತಡೆಯಲಾರದೆ ಹೇಳಿದ: "ನಿಮ್ಮ ಮಾವ ಬಂದು ಬಾಗ್ಲು ಬಡಿದ್ರು. ತೆಗೆದೆ. 'ಲೋಜಾನ್, ಮರ ನಿಂದು. ಕಾರು ತೆಗಿ' ಅಂದ್ರು. ಅಷ್ಟೇ. ನಂಗೆ ಏನು ಹೇಳ್ಬೇಕೋ ತೋಚಲಿಲ್ಲ ತಾಯಿ. ಹನ್ನೊಂದು ವರ್ಷದಿಂದ ನಾನು ಏನೇನೋ ಉತ್ತರ ತಯಾರು ಮಾಡಿಟ್ಟಿದ್ದೆ."

ಇಸ್ಕ್ರಾ ಕಿಟಕಿ ಕಡೆ ತಿರುಗಿ ಅತ್ತಳು. ಆರೂವರೆಗೆ ಎರಡು ನಿಮಿಷ ಇರುವಾಗ ಒಲೆ ಹೊತ್ತಿಸಿದಳು.

ಆ ವಾರ ಲೋಜಾನನೇ ಕರೆದೊಯ್ದ. ಮುಂದಿನ ಶನಿವಾರ ಕಾಮೆನ್ ಗುಜರಿಯಿಂದ ಡೈನಮೋ ತಂದು ಹಾಕಿದ. ಕೇಬಲ್ಲಿಗೆ ಏನೂ ಆಗಿರಲಿಲ್ಲ, ಸಣ್ಣ ಬಾಲ ಮಾತ್ರ ಸುಟ್ಟಿತ್ತು, ಕತ್ತರಿಸಿ ಎಸೆದ. ಕಾರು ಸರಿಯಾಯಿತು. ಮಾವ ಸರಿಯಾಗಲಿಲ್ಲ. ಸುಟ್ಟ ಅಂಗೈಗೆ ಬಟ್ಟೆ ಕಟ್ಟಿಕೊಂಡು ತಮ್ಮ ಕೋಣೆಯಲ್ಲೇ ಉಣ್ಣತೊಡಗಿದರು. ಕಾರಿನ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ, ಇಸ್ಕ್ರಾಳ ಕೋಟಿನ ಕೆಳಗೆ ನೇತುಹಾಕಿದರು. ಅದರ ಜೊತೆಗೆ ಹತ್ತರ ಸ್ಪ್ಯಾನರನ್ನೂ.

ಅವಳು ತಟ್ಟೆ ತೆಗೆದುಕೊಂಡು ಕೋಣೆಗೆ ಹೋದಳು. "ಮಾವ, ಅವತ್ತು ನಾನಾಡಿದ್ದು ತಪ್ಪು."

"ನಿಂದೇನು ತಪ್ಪು? ತಲೆಗೆ ಹೊಸದು ಗೊತ್ತಿದೆ. ಕೈಗೆ ಗೊತ್ತಿಲ್ಲ. ಗೊತ್ತಿಲ್ಲದ ಕೈ ಗಾಡಿ ಮುಟ್ಬಾರ್ದು."

"ಕಲೀಬಹುದಲ್ಲ."

"ಈ ಕೈಗೆ ಇನ್ನು ಯಾವ ಇಸ್ಕೂಲು, ತಾಯಿ?"

ಕಾರು ಈಗ ಪೂರ್ತಿ ಅವಳದೇ. ಕೇಳುವವರಿಲ್ಲ. ಆದರೆ ಮಂಜಿನಲ್ಲಿ ಓಡಿಸುವಾಗ ಹಾಡು ಬರುತ್ತಿರಲಿಲ್ಲ. ಗೆದ್ದದ್ದು ಯಾಕೆ ಹೀಗೆ ಭಾರವಾಗಿದೆ ಎಂದು ಅವಳಿಗೆ ಸಂಕಟವಾಗುತ್ತಿತ್ತು.

"ಪ್ಲಸ್, ಮೈನಸ್ ಅಂತ ದೊಡ್ಡದಾಗಿ ಬರೆದು ಅಂಟಿಸೋಣ," ಎಂದಳು ನೆವೆನಾ.

"ಅಜ್ಜಂಗೆ ಓದೋಕೆ ಬರಲ್ಲ ಅಂದ್ಕೊಂಡ್ಯಾ? ಅವ್ರಿಗೆ ಅಂಟಿಸೋದು ಬೇಡ."

ಫೆಬ್ರವರಿಯ ಕೊನೆಯ ದಿನ. ನಾಳೆ ಮಾರ್ತಾ ಅಜ್ಜಿಯ ದಿನ, ವಸಂತವನ್ನು ಕರೆಯುವ ಹಬ್ಬ. ಎಲ್ಲರ ಮಣಿಕಟ್ಟಿಗೂ ಕೆಂಪು ಬಿಳಿ ದಾರ ಬೇಕು. ಊಟಕ್ಕೆ ಮೊದಲು ನೆವೆನಾ ಮೇಜಿನ ಮೇಲೆ ಉಣ್ಣೆಯ ಉಂಡೆಗಳನ್ನು ಹರಡಿಕೊಂಡು ಹೊಸೆಯುತ್ತಿದ್ದಳು. ಅಪ್ಪನಿಗೊಂದು, ಅಮ್ಮನಿಗೊಂದು, ಅಜ್ಜನಿಗೊಂದು, ಈ ವರ್ಷ ಲೋಜಾನನಿಗೂ ಒಂದು. ಇಸ್ಕ್ರಾ ಬಲ್ಬಿನ ಹಳದಿ ಬೆಳಕಿನಲ್ಲಿ ಆ ಬೆರಳುಗಳನ್ನೇ ನೋಡುತ್ತ ನಿಂತಳು. ಕೆಂಪು ಬಿಳಿಯ ಸುತ್ತ, ಬಿಳಿ ಕೆಂಪಿನ ಸುತ್ತ.

"ಕೆಂಪುಂಡೆ ಇಲ್ಲಿ ಕೊಡು. ಬಿಳೀನೂ."

"ಯಾಕಮ್ಮ? ಇನ್ನೂ ಮುಗಿದಿಲ್ಲ."

ಅವಳು ಅಂಗಳಕ್ಕೆ ಹೋದಳು. ಬ್ಯಾಟರಿ ತೆಗೆದಿಟ್ಟಳು. ಕೆಂಪು ಉಣ್ಣೆಯನ್ನು ಮೈಗೆ ಹೋಗುವ ಕಪ್ಪು ಕೇಬಲ್ಲಿಗೆ ಸುತ್ತತೊಡಗಿದಳು. ಕ್ಲಾಂಪಿನ ಬುಡದಿಂದ ಒಂದು ಗೇಣು, ಎಳೆಗೆ ಎಳೆ ತಾಗಿಸಿ, ಕಪ್ಪು ಒಂದಿಷ್ಟೂ ಕಾಣದ ಹಾಗೆ. ಕೆಂಪು ಕೇಬಲ್ಲನ್ನು ಬಿಳಿಯಲ್ಲಿ ಮುಚ್ಚಿದಳು. ಬೆರಳು ಮರಗಟ್ಟಿದವು. ಕೆಲಸಕ್ಕೆ ಹೊರಟಿದ್ದ ಕಾಮೆನ್ ಬಗ್ಗಿ ನೋಡಿದ.

"ಏನೇ ಇದು? ನಾಳೆ ಯಾವನಾದ್ರೂ ಮೆಕ್ಯಾನಿಕ್ ನೋಡಿದ್ರೆ ತಲೆ ಕೆಟ್ಟು ಹೋಗುತ್ತೆ."

"ಈ ಗಾಡಿಗೆ ಮೆಕ್ಯಾನಿಕ್ ಒಬ್ರೇ."

ಕಾಮೆನ್ ಅವಳ ಮುಖ ನೋಡಿದ. ಜೀವನದಲ್ಲಿ ಅಪರೂಪಕ್ಕೆಂಬಂತೆ ಅವನಿಗೆ ಏನೋ ಅರ್ಥವಾಯಿತು. ಅವಳ ಎರಡೂ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಊದಿ ಬಿಸಿ ಮಾಡಿದ, ವ್ಯಾನು ಹಾರ್ನ್ ಹೊಡೆಯುವವರೆಗೆ.

ಬೆಳಿಗ್ಗೆ ಇಸ್ಕ್ರಾ ಬ್ಯಾಟರಿ ಮುಟ್ಟಲಿಲ್ಲ. ಐದೂಮುಕ್ಕಾಲಿಗೆ ಮಾವನ ಕೋಣೆಯ ಬಾಗಿಲು ತಟ್ಟಿದಳು.

"ಮಾವ, ನಂಗೆ ತಡ ಆಗ್ತಿದೆ. ಬ್ಯಾಟರಿ ಹಾಕ್ಕೊಡಿ."

"ಹೇಳಿದ್ನಲ್ಲ, ನಿನ್ನ ಬಣ್ಣ ನನ್ನ ಕೈಗೆ ಬರಲ್ಲ ಅಂತ."

"ಕೆಂಪು ಮೈಗೆ," ಎಂದಳು ಇಸ್ಕ್ರಾ.

ಒಳಗೆ ಮಂಚ ಕಿರುಗುಟ್ಟಿತು. ಮಾವ ಬಾಗಿಲು ತೆರೆದು ಅವಳನ್ನು ನೋಡಿದರು, ಅಣಕಿಸುತ್ತಿದ್ದಾಳೋ ಎಂದು. ಆಮೇಲೆ ಬೂಟು ಹಾಕಿಕೊಂಡರು. ಶಾಲು ಸರಿಸಿ, ಮಡಿಚಿ, ಬ್ಯಾಟರಿ ಎತ್ತಿಕೊಂಡು ಹೊರಗೆ ಹೋದರು. ಅವಳು ಟಾರ್ಚು ಹಿಡಿದು ಹಿಂದೆ ಹೋದಳು. ಅಂಗಳದ ತುಂಬ ಮಂಜು. ಬೇಲಿಯೂ ಇಲ್ಲ, ಬೀದಿಯೂ ಇಲ್ಲ, ಎತ್ತಿದ ಬಾನೆಟ್ಟಿನ ಕೆಳಗಿನ ಒಂದು ತುಂಡು ಬೆಳಕು ಮಾತ್ರ. ಅದರೊಳಗೆ ಕೆಂಪು ಉಣ್ಣೆ.

ಮಾವ ತುಂಬ ಹೊತ್ತು ನೋಡಿದರು. ಬಟ್ಟೆ ಕಟ್ಟಿದ ಕೈ ಚಾಚಿ ಉಣ್ಣೆಯನ್ನು ಸವರಿದರು.

"ಕೆಂಪು ಮೈಗೆ," ಎಂದರು. ಹಾಕಿ ಬಿಗಿದರು. ಈ ಸಲ ಸುತ್ತಿಗೆ ಬೇಕಾಗಲಿಲ್ಲ.

ಬಿಳಿಯನ್ನು ಏನೆಂದು ಕರೆಯಬೇಕೋ ಇಸ್ಕ್ರಾಳಿಗೆ ತಿಳಿಯಲಿಲ್ಲ. ಕೊನೆಗೆ ಟಾರ್ಚು ಸರಿಯಾಗಿ ಹಿಡಿದು ಹೇಳಿದಳು: "ಕಪ್ಪು ಸ್ಟಾರ್ಟರಿಗೆ."

ಮಾವ ತಲೆಯಾಡಿಸಿ ಬಿಳಿಯನ್ನು ಅದರ ಜಾಗಕ್ಕೆ ಹಾಕಿದರು. ಕಾರು ಮೊದಲ ತಿರುವಿಗೇ ಎದ್ದಿತು.

ಮಾರ್ಚ್ ಕೊನೆಗೆ ಪ್ರೊಬೇಷನ್ ಮುಗಿದು ಗಾಲಾಬೋವಾ ಮೇಡಂ ಇಸ್ಕ್ರಾಳ ಹೆಸರು ಹೊಲಿಸಿದ ಏಪ್ರನ್ ಕೊಟ್ಟರು. ಅಷ್ಟು ಹೊತ್ತಿಗೆ ಚಳಿ ಬಿಟ್ಟಿತ್ತು. ಬ್ಯಾಟರಿ ಕಾರಿನಲ್ಲೇ ಇರಬಹುದಿತ್ತು. ಆದರೂ ಸಂಜೆ ಒಳಗೆ ಬರುತ್ತಿತ್ತು, ಬೆಳಿಗ್ಗೆ ಹೊರಗೆ ಹೋಗುತ್ತಿತ್ತು. ಇಸ್ಕ್ರಾ ಅದರ ಸುತ್ತ ಕಸ ಗುಡಿಸುತ್ತಿದ್ದಳು. ಗೊಣಗುತ್ತಿರಲಿಲ್ಲ ಎಂದೇನಲ್ಲ, ಗೊಣಗುತ್ತಿದ್ದಳು.

ಆ ವಾರದ ಭಾನುವಾರ. ಮಾವ ಬಾನೆಟ್ಟಿನೊಳಗೆ ಬಗ್ಗಿದ್ದರು. ಲೋಜಾನ್ ಬೇಲಿಗೊರಗಿ, ಕೇಳದಿದ್ದರೂ ಸಲಹೆ ಕೊಡುತ್ತಿದ್ದ. ಇಸ್ಕ್ರಾ ಬಟ್ಟೆ ಒಣಹಾಕುತ್ತಿದ್ದಳು. ಬೀದಿಯ ಲೈಟು ಕಂಬದ ಮೇಲಿನ ಹಳೇ ಗೂಡಿಗೆ ಬಿಳಿ ಕೊಕ್ಕರೆಯೊಂದು ದೊಡ್ಡ ರೆಕ್ಕೆ ಬಡಿಯುತ್ತ ಬಂದು ಇಳಿಯಿತು. ನೆವೆನಾ ಕಿರುಚಿದಳು. ಮಣಿಕಟ್ಟಿನ ದಾರ ಬಿಚ್ಚಿ ಓಡಿಹೋಗಿ ಹೂ ಬಿಟ್ಟ ಪ್ಲಮ್ ಮರದ ಕೊಂಬೆಗೆ ಕಟ್ಟಿದಳು. ಕೊಕ್ಕರೆ ಕಂಡ ಮೇಲೆ ದಾರ ಇಟ್ಟುಕೊಳ್ಳುವ ಹಾಗಿಲ್ಲ.

"ಅಜ್ಜ, ಕೊಕ್ಕರೆ ಬಂತು! ಕಾರಿನ ದಾರಾನೂ ಬಿಚ್ಬೇಕು!"

ಮಾವ ತಲೆ ಎತ್ತಲಿಲ್ಲ. "ಎಲ್ಲಿ ಕೊಕ್ಕರೆ? ನಂಗೇನೂ ಕಾಣಲಿಲ್ಲ."

ಅವರ ನೆತ್ತಿಯ ಮೇಲೆ ಕೊಕ್ಕರೆ ಕೊಕ್ಕು ಬಡಿದು ಕಟಕಟ ಸದ್ದು ಮಾಡಿತು, ಊರಿಗೆಲ್ಲ ಕೇಳುವ ಹಾಗೆ.

"ಅಗೋ, ಅಲ್ಲೇ! ಅಮ್ಮಾ, ನೀನಾದ್ರೂ ಹೇಳು. ನೋಡಿದ್ಯಲ್ಲ?"

ಇಸ್ಕ್ರಾ ಕಂಬದ ಕಡೆಗೇ ನೋಡುತ್ತಿದ್ದಳು. ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ಅವಳನ್ನು ನೋಡುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಇಲ್ಲ ಕಣೆ," ಎಂದಳು. "ಎಷ್ಟು ಮಂಜು ನೋಡು."